ಫಕೀರಪ್ಪನವರ ಕನ್ನಡಿಗೆ ಯಾವ ಲೇಪ

ನಮ್ಮ ಮನೆಯ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಫಕೀರಪ್ಪನವರು ಒಳ್ಳೆಯವರು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅವರೊಬ್ಬರ ಮುಂದೆ ಬಿಟ್ಟು. ಬಾಡಿಗೆಯವರನ್ನು ಎದುರಿಗೇ ಹೊಗಳಿದರೆ ಮಾರನೇ ದಿನ ಬಚ್ಚಲಿಗೆ ಹೊಸ ನಲ್ಲಿ ಕೇಳುತ್ತಾರೆ. ಶೆಟ್ಟಿಹಳ್ಳಿಯ ಮನೆ ಮಾಲೀಕರಿಗೆಲ್ಲ ಗೊತ್ತಿರುವ ವಿಷಯ ಇದು. ನಾನು ಆನಂದಪ್ಪ, ಇಲ್ಲಿಯೇ ಹುಟ್ಟಿದವನು. ಹಳ್ಳಿ ಬಡಾವಣೆಯಾಯಿತು, ನಾನು ಮಾಲೀಕನಾದೆ. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ.

ಫಕೀರಪ್ಪನವರು ಗದಗದ ಕಡೆಯವರು. ಜಾಲಹಳ್ಳಿಯ ಹತ್ತಿರ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಡೀ ನೌಕರಿ ಕಳೆದವರು. ರಿಟೈರ್ ಆದ ಗಂಡಸರು ಏನು ಮಾಡುತ್ತಾರೆ? ಪಾರ್ಕಿನ ಬೆಂಚಿನ ಮೇಲೆ ಕೂತು ಸರ್ಕಾರವನ್ನು ಬೈಯುತ್ತಾರೆ, ನನ್ನ ಹಾಗೆ. ಇವರು ಮಾತ್ರ ತಿಂಡಿ ತಟ್ಟೆಯಷ್ಟು ಅಗಲದ, ಹೆಬ್ಬೆರಳಿಗಿಂತ ದಪ್ಪದ ಎರಡು ಗಾಜಿನ ಬಿಲ್ಲೆಗಳನ್ನು ತಂದರು. ಒಂದನ್ನು ನೀರಿನ ಡ್ರಮ್ಮಿನ ಮೇಲೆ ಕೂರಿಸಿ, ಅದರ ಮೇಲೆ ಗಾಜು ಸವೆಸುವ ಕರಿಪುಡಿ ಮತ್ತು ನೀರು ಚಿಮುಕಿಸಿ, ಇನ್ನೊಂದನ್ನು ಮೇಲಿಟ್ಟು ಉಜ್ಜಲು ನಿಂತರು. ನಾಲ್ಕು ಸಲ ಉಜ್ಜುವುದು, ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿಯುವುದು, ಮತ್ತೆ ಉಜ್ಜುವುದು. ಹೀಗೆ ಎರಡು ವರ್ಷ.

ಅವರ ಕೆಳಗಿನ ಮಹಡಿಯಲ್ಲಿರುವ ನಮಗೆ ಇದೇನೂ ಗೊತ್ತಿರಲಿಲ್ಲ. ಕರ್ ಕರ್ ಸದ್ದು ಮಾತ್ರ ಕೇಳುತ್ತಿತ್ತು. ನನ್ನ ಹೆಂಡತಿ ವರಲಕ್ಷ್ಮಮ್ಮ ಒಂದು ದಿನ ರೇಗಿಯೇಬಿಟ್ಟಳು.

"ಮೇಲ್ಗಡೆಯೋರು ದಿನಾ ಇಂಗೆ ರುಬ್ತಾರಲ್ಲ, ಒಂದ್ ದಿನಾನಾದ್ರೂ ಒಂದ್ ಇಡ್ಲಿ ಕಳ್ಸಿದ್ರಾ?"

ಇಡ್ಲಿ ವಿಚಾರಿಸಲೆಂದೇ ನಾನು ಮೇಲೆ ಹೋದೆ. ಫಕೀರಪ್ಪನವರ ಹೆಂಡತಿ ಚಂದ್ರವ್ವ ಬಾಗಿಲು ತೆರೆದವರೇ ನನ್ನ ಹತ್ತಿರ ದೂರು ಹೇಳಿದರು. "ನೋಡ್ರಿ ಅಣ್ಣಾರ, ಆ ಪುಡಿ ಡಬ್ಬಿ ತಂದು ಜ್ವಾಳದ ಹಿಟ್ಟಿನ ಬಾಜೂಕ ಇಟ್ಟಾರ. ನಿನ್ನೆ ರೊಟ್ಟಿ ಕಚ್ಚಿದ್ರ ಹಲ್ಲು ಕರ್ ಅಂದ್ವು. ದುರ್ಬೀನು ಮಾಡ್ತಾರಂತ ದುರ್ಬೀನು."

ಆ ಗಾಜು ದೂರದರ್ಶಕದ ಕನ್ನಡಿಯಾಗುತ್ತಿತ್ತು. ಉಜ್ಜಿ ಉಜ್ಜಿ ನಡುವೆ ಒಂದಿಷ್ಟು ತಗ್ಗು ಬರಬೇಕು, ರೊಟ್ಟಿ ಹಂಚಿಗಿರುವಷ್ಟೂ ಇಲ್ಲ, ಅದಕ್ಕಿಂತ ಕಡಿಮೆ. ಆ ತಗ್ಗು ಎಲ್ಲ ಕಡೆ ಸರಿಸಮ ಬಂದರೆ ಆಕಾಶದ ಬೆಳಕನ್ನು ಒಂದು ಚುಕ್ಕೆಯಲ್ಲಿ ಕೂಡಿಸುತ್ತದೆ. ಫಕೀರಪ್ಪನವರು ಇದನ್ನು ನನಗೆ ವಿವರಿಸಿದ ರೀತಿಯಲ್ಲಿ ನನಗೆ ಅರ್ಥವಾದದ್ದು ಒಂದೇ: ಈ ಮನುಷ್ಯನಿಗೆ ಇನ್ನು ಪಾರ್ಕಿಗೆ ಬರಲು ಪುರುಸೊತ್ತಿಲ್ಲ.

ಗಾಜು ಮುಗಿದ ದಿನ ಮನೆಗೆಲ್ಲ ಪೇಡೆ ಹಂಚಿದರು. ಸದ್ಯ ಕರ್ ಕರ್ ಮುಗಿಯಿತಲ್ಲ ಎಂದು ನಾನು ಎರಡು ಪೇಡೆ ತಿಂದೆ.

"ಮುಗೀಲಿಲ್ರಿ ಆನಂದಪ್ಪಾರ," ಎಂದರು. "ಈಗಿದು ಬರೇ ಗಾಜು. ಬೆಳಕು ಹಾಯ್ದು ಹೋಗಿಬಿಡತೈತಿ. ತಿರುಗಿ ಬರಬೇಕಂದ್ರ ಮ್ಯಾಲೆ ಒಂದು ಲೇಪ ಕೊಡಬೇಕು. ಕೂದಲೆಳಿ ಸಾವಿರ ಸೀಳು ಸೀಳಿದ್ರ ಅದರಾಗ ಒಂದರಷ್ಟು ತೆಳ್ಳಗ."

"ಮುಖ ನೋಡೋ ಕನ್ನಡಿಗೆ ಇರುತ್ತಲ್ಲ, ಅದೇ ತಾನೆ?"

"ಅದಕ್ಕ ಹಿಂದ ಇರತೈತ್ರಿ. ಗಾಜು ಅದನ್ನ ಕಾಯತೈತಿ. ಇದಕ್ಕ ಮುಂದ, ಮೈಮ್ಯಾಲೆನ. ಇದನ್ನ ಯಾರು ಕಾಯಬೇಕು ಹೇಳ್ರಿ?"

ಕಾಯುವ ಕೆಲಸ ನನ್ನದಲ್ಲ. ನನಗೆ ಬೇರೆ ಯೋಚನೆ ಇತ್ತು. ನಮ್ಮ ರಸ್ತೆಯಲ್ಲಿ ಎಲ್ಲರೂ ತಾರಸಿಗೆ ಶೀಟು ಹೊದಿಸಿಕೊಂಡಿದ್ದರು. ಕಬ್ಬಿಣದ ಕಂಬ ನಿಲ್ಲಿಸಿ, ಮೇಲೆ ಬಣ್ಣದ ತಗಡು ಹಾಸಿ, ಕೆಳಗೆ ಎರಡು ರೂಮು ಕಟ್ಟಿ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ಮಳೆಗಾಲದಲ್ಲಿ ಸೋರುವುದೂ ತಪ್ಪುತ್ತಿತ್ತು. ನನ್ನ ಮನೆಯೊಂದೇ ಬೋಳುತಲೆ ಬಿಟ್ಟುಕೊಂಡು ನಿಂತಿತ್ತು. ವಿಜಯದಶಮಿ ಒಳ್ಳೆಯ ದಿನ, ಅವತ್ತೇ ಶುರು ಮಾಡು ಎಂದು ವೆಲ್ಡಿಂಗ್ ರಹಮತುಲ್ಲಾನಿಗೆ ಹೇಳಿಯೂ ಆಗಿತ್ತು.

ಸುದ್ದಿ ಕೇಳಿದ ಫಕೀರಪ್ಪನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೆಳಗಿಳಿದು ಬಂದರು. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವರು ಇಸ್ತ್ರಿ ಅಂಗಿಯಲ್ಲಿ ಬಂದರೆ ಎದೆ ಧಸಕ್ಕೆನ್ನುತ್ತದೆ. ಕುರ್ಚಿಯ ತುದಿಗೆ ಕೂತರು.

"ಶೀಟ್ ಹಾಕಸಬ್ಯಾಡ್ರಿ ಅಂತ ಹೇಳಾಕ ಬಂದಿಲ್ರಿ. ಮನಿ ನಿಮ್ಮದು. ಆದ್ರ ನಮ್ಮ ಕಿಟಕಿ ತೆಗೆದ್ರ ಬಾಜೂ ಮನಿ ಗ್ವಾಡಿ. ನನಗ ಆಕಾಶ ಅಂತ ಇರೂದು ಅದೊಂದ ತಾರಸಿ. ಮೊಣಕಾಲು ಹಿಂಗಾಗ್ಯಾವು, ಆ ದುರ್ಬೀನು ಹೊತ್ತು ಎಲ್ಲೂ ಹೋಗಾಕ ಆಗೂದಿಲ್ಲ."

ಅವರೇ ಮುಂದುವರಿಸಿದರು.

"ಟೂಲ್ ರೂಮಿನ್ಯಾಗ ನಾ ಮಾಡಿದ್ದೆಲ್ಲ ಯಾವುದೋ ಮಷೀನಿನ ಹೊಟ್ಟ್ಯಾಗ ಹೋತ್ರಿ. ಎಲ್ಲಿ ಹೋತು, ಏನಾತು, ನಾ ಕಣ್ಣಿಲೆ ಕಂಡಿಲ್ಲ. ನಾನ ಮಾಡಿ ನಾನ ನೋಡೂದು ಅಂದ್ರ ಇದೊಂದ. ನೀವೂ ಒಮ್ಮೆ ನೋಡ್ರಿ. ನೋಡಿದ ಮ್ಯಾಲೂ ಶೀಟ್ ಬೇಕು ಅಂದ್ರ ನಾನ ಮುಂದ ನಿಂತು ತಗಡು ಹೊರತೀನಿ."

ಹೀಗೆ ಕೇಳಿದರೆ ಯಾರು ಇಲ್ಲ ಎನ್ನುತ್ತಾರೆ? ನಾನೂ ಎನ್ನಲಿಲ್ಲ. "ಆಯುಧ ಪೂಜೆ ಸಂಜೆವರೆಗೂ ಟೈಮ್ ಕೊಡ್ತೀನಿ ಕಣ್ರೀ. ನೋಡೋವಂಥದ್ದು ಏನಾದ್ರೂ ಕಂಡ್ರೆ ಶೀಟ್ ಬೇಡ. ಕಾಣ್ಲಿಲ್ಲಾಂದ್ರೆ ಮಾರನೇ ದಿನ ವೆಲ್ಡಿಂಗ್." ದೊಡ್ಡ ಮನಸ್ಸಿನವನಂತೆ ಹೇಳಿದೆನಾದರೂ ಒಳಗೊಳಗೆ ನಿಶ್ಚಿಂತೆಯಾಗಿದ್ದೆ. ಈ ಮನುಷ್ಯ ತರಕಾರಿ ಗಾಡಿಯ ಮುಂದೆ ಒಂದು ಬದನೆಕಾಯಿ ಆರಿಸುವುದನ್ನು ನಾನು ನೋಡಿದ್ದೆ. ಲೇಪ ಆರಿಸುವಷ್ಟರಲ್ಲಿ ಮುಂದಿನ ಆಯುಧ ಪೂಜೆ ಬರುತ್ತದೆ ಎಂದುಕೊಂಡೆ.

"ಏನ್ ತೋರಿಸ್ತೀರಿ?" ಎಂದು ಕೇಳಿದ್ದಕ್ಕೆ ಶನಿಗ್ರಹ ಎಂದರು. ಅದರ ಸುತ್ತ ಉಂಗುರವಿದೆಯಂತೆ, ಈಗ ಸಂಜೆಗೇ ಕಾಣುತ್ತದಂತೆ. ಒಳಗಿನಿಂದ ವರಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಂದಳು.

"ಏನು, ಶನಿನಾ? ಅವನು ನಮ್ಮನ್ನ ನೋಡಿರೋದೇ ಸಾಕಾಗದೆ. ನಾವ್ ಬೇರೆ ಅವನ್ನ ನೋಡ್ಬೇಕಾ?"

ಅಲ್ಲಿಂದ ಲೇಪದ ಕಾಲ ಶುರುವಾಯಿತು. ಮಗಳಿಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ. ಫಕೀರಪ್ಪನವರಿಗೆ ಇದರಲ್ಲಿ ಸಲಹೆಗಾರ ಹೇಮಂತ ಎನ್ನುವವನು, ಯಲಹಂಕದ ಒಂದು ಕಾಲೇಜಿನ ಮೇಷ್ಟ್ರು. ನಕ್ಷತ್ರ ನೋಡುವವರದ್ದೂ ಒಂದು ಗುಂಪಿದೆ, ಅದರಲ್ಲಿ ಪರಿಚಯವಂತೆ. ಅವನು ಬೈಕಿನಲ್ಲಿ ಬಂದು ಎರಡು ಲೋಟ ಕಾಫಿ ಕುಡಿದು ವಿಷಯ ತಿಳಿಸಿದ.

"ಅಲ್ಯುಮಿನಿಯಂ ಹಾಕ್ಸಿ ಸಾರ್, ಕಣ್ಣು ಮುಚ್ಕೊಂಡು. ನೂರಕ್ಕೆ ಎಂಬತ್ತೆಂಟು ಭಾಗ ಬೆಳಕು ವಾಪಸ್ ಬರುತ್ತೆ. ಮೇಲೊಂದು ಗಟ್ಟಿ ಪದರ ಕೊಟ್ಬಿಟ್ರೆ ಹತ್ತು ವರ್ಷ ತಲೆನೋವಿಲ್ಲ."

"ಬೆಳ್ಳಿದು ಎಷ್ಟು ಬರತೈತಿ?"

"ತೊಂಬತ್ತಾರರವರೆಗೂ ಬರುತ್ತೆ. ಆದ್ರೆ ಬೆಳ್ಳಿ ಬಾಳಲ್ಲ ಸಾರ್, ಕಪ್ಪಾಗ್ಬಿಡುತ್ತೆ."

ಎಂಬತ್ತೆಂಟು ಮತ್ತು ತೊಂಬತ್ತಾರರ ನಡುವಿನ ಆ ಎಂಟು ಫಕೀರಪ್ಪನವರ ನಿದ್ದೆ ಕೆಡಿಸಿತು. ಮೆಟ್ಟಿಲ ಮೇಲೆ ಸಿಕ್ಕಾಗ, ಹಾಲಿನ ಬೂತಿನಲ್ಲಿ ಸಿಕ್ಕಾಗ, ಎಲ್ಲಿ ಸಿಕ್ಕರೂ ಅದೇ. "ಎಂಟು ಪಾಲು ಬೆಳಕು ಸುಮ್ಮನ ಬಿಡೂದೇನ್ರಿ? ಅಷ್ಟು ದೂರದಿಂದ ಬಂದಿರತೈತಿ." ಅತಿಥಿಯನ್ನು ಬಾಗಿಲಿನಿಂದ ಹಿಂದೆ ಕಳಿಸುವ ಮಾತಾಡಿದಂತೆ ಸಂಕಟಪಡುತ್ತಿದ್ದರು. ಇನ್ನೊಂದು ಬಗೆಯ ಅಲ್ಯುಮಿನಿಯಂ ಇತ್ತಂತೆ, ಪದರದ ಮೇಲೆ ಪದರ ಕೊಟ್ಟದ್ದು. ಅದು ಬೆಳ್ಳಿಯಷ್ಟೇ ಹೊಳೆದು ಅಲ್ಯುಮಿನಿಯಂನಷ್ಟೇ ಬಾಳುತ್ತದಂತೆ. ಆದರೆ ಪದರ ಹೆಚ್ಚಿದಷ್ಟೂ ತಾನು ಉಜ್ಜಿದ ಆಕಾರ ಎಲ್ಲಿ ಕೆಡುತ್ತದೋ ಎಂದು ಅವರಿಗೆ ಅನುಮಾನ.

ಮನೆಯ ಹೆಂಗಸರೂ ಪಂಚಾಯಿತಿಗೆ ಇಳಿದರು. ಚಂದ್ರವ್ವ ಕಾಲು ಮುಂದೆ ಚಾಚಿ ಕಾಲುಂಗುರ ತೋರಿಸಿ, "ಬೆಳ್ಳಿ ಹಣೇಬರಾ ನೋಡ್ರಿಲ್ಲೆ, ಮೊನ್ನೆ ತಿಕ್ಕೀನಿ, ಆಗಲೇ ಕರ್ರಗಾಗ್ಯಾವು," ಎಂದರು. ವರಲಕ್ಷ್ಮಮ್ಮ ಅಲ್ಯುಮಿನಿಯಂ ಬೇಡ ಎಂದು ಹಟ ಹಿಡಿದಳು. ಯಾಕೆ ಎಂದರೆ, ಅಲ್ಯುಮಿನಿಯಂ ಪಾತ್ರೆಯಲ್ಲಿ ಹುಳಿ ಮಾಡಿದರೆ ಕೆಡುತ್ತದಂತೆ. ಆಕಾಶದಲ್ಲಿ ಯಾರು ಹುಳಿ ಮಾಡುತ್ತಾರೆ ಎಂದು ಕೇಳಿ ನಾನು ಅವತ್ತು ಊಟಕ್ಕೆ ಬರೀ ಮೊಸರನ್ನ ತಿಂದೆ.

ಕೊನೆಗೆ ತೀರ್ಮಾನ ಮಾಡಿದ್ದು ಇವರಲ್ಲಿ ಯಾರೂ ಅಲ್ಲ. ಅಲ್ಯುಮಿನಿಯಂ ಲೇಪ ಕೊಡಲು ಗಾಳಿಯನ್ನೆಲ್ಲ ಹೀರಿ ತೆಗೆದ ದೊಡ್ಡ ಹಂಡೆ ಬೇಕು. ಅದನ್ನಿಟ್ಟುಕೊಂಡವರು ಬೇರೆ ಊರಿನಲ್ಲಿದ್ದರು. ಅವರು ಹಲವು ಕನ್ನಡಿ ಸೇರಿದ ಮೇಲೆ ಒಟ್ಟಿಗೆ ಒಂದೇ ಸಲ ಲೇಪ ಕೊಡುವವರು. ಮುಂದಿನ ಸರದಿ ದೀಪಾವಳಿಯ ಆಚೆಗೆ ಎಂದರು. ಅಷ್ಟರಲ್ಲಿ ನನ್ನ ತಾರಸಿಯ ಮೇಲೆ ತಗಡು ಬಿದ್ದಿರುತ್ತಿತ್ತು. ಉಳಿದದ್ದು ಬೆಳ್ಳಿಯೊಂದೇ.

ಬೆಳ್ಳಿ ಹೊಡೆಯುವವನು ಆರ್.ಟಿ. ನಗರದಲ್ಲಿ ಸಿಕ್ಕ. ಖುರ್ಷೀದ್ ಎಂದು ಹೆಸರು. ಬೈಕಿನ ಪೆಟ್ರೋಲ್ ಟ್ಯಾಂಕು, ಕಾರಿನ ಚಕ್ರದ ಮುಚ್ಚಳ, ಇವಕ್ಕೆಲ್ಲ ಕನ್ನಡಿಯಂತೆ ಹೊಳೆಯುವ ಬಣ್ಣ ಸ್ಪ್ರೇ ಮಾಡುವ ಅಂಗಡಿ. ಕನ್ನಡಿಯನ್ನು ಚಂದ್ರವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಅದನ್ನು ಮಡಿಲಲ್ಲಿಟ್ಟುಕೊಂಡು ಫಕೀರಪ್ಪನವರು ನನ್ನ ಸ್ಕೂಟರಿನ ಹಿಂದೆ ಕೂತರು. ನಾನೇಕೆ ಸ್ಕೂಟರ್ ತೆಗೆದೆ ಎಂದರೆ, ಗೆದ್ದರೆ ನ್ಯಾಯವಾಗಿ ಗೆಲ್ಲಬೇಕು ನೋಡಿ. ಹೆಬ್ಬಾಳದವರೆಗೂ "ಹಂಪ್ ಬಂತ್ರಿ, ಹಂಪ್ ಬಂತು" ಎಂದು ಬೆನ್ನಿಗೆ ಗುದ್ದುತ್ತಲೇ ಬಂದರು. ನನ್ನ ಮೊಮ್ಮಗನನ್ನು ಆಸ್ಪತ್ರೆಯಿಂದ ಮನೆಗೆ ತಂದಾಗಲೂ ನಾನು ಅಷ್ಟು ನಿಧಾನ ಓಡಿಸಿರಲಿಲ್ಲ.

ಖುರ್ಷೀದ್ ಗಾಜನ್ನು ನೋಡಿದ. "ಗೋಲ್ಡ್ ಹೊಡೀಲಾ ಸಾರ್, ಬ್ಲೂ ಹೊಡೀಲಾ? ಈಗ ರೋಸ್ ಗೋಲ್ಡ್ ಜಾಸ್ತಿ ಓಡ್ತಾ ಇದೆ."

"ಬರೇ ಬೆಳ್ಳಿ ಸಾಕ್ರಿ."

"ಆಯ್ತು. ಮೇಲೆ ಲ್ಯಾಕರ್ ವಾರ್ನಿಶ್ ಫ್ರೀ."

"ಲ್ಯಾಕರ್ ಬ್ಯಾಡ. ಅದು ಎಮ್ಮಿ ತೊಗಲಿದ್ದಂಗ. ನಾ ಎರಡು ವರ್ಷ ತಿದ್ದಿದ ಆಕಾರ ಅದರ ಅಡಿಗೆ ಮುಚ್ಚಿ ಹೋಗತೈತಿ."

"ಲ್ಯಾಕರ್ ಇಲ್ದೆ ನನ್ ಗ್ಯಾರಂಟಿ ಇಲ್ಲ ಸಾರ್. ಬೆರಳು ತಾಗಿದ್ರೂ ಹೋಗುತ್ತೆ."

"ಬೆರಳು ಹಚ್ಚಾಕ ನಾ ಯಾರಿಗೂ ಬಿಡೂದಿಲ್ಲ," ಎಂದರು ಫಕೀರಪ್ಪನವರು.

ಖುರ್ಷೀದ್ ಎರಡು ಪಿಚಕಾರಿಗಳಿಂದ ಎರಡು ಬಗೆಯ ನೀರನ್ನು ಒಟ್ಟಿಗೆ ಹಾರಿಸಿದ. ಗಾಜು ಮೊದಲು ಚಹಾ ಬಣ್ಣಕ್ಕೆ ತಿರುಗಿತು. ಕೆಟ್ಟುಹೋಯಿತು ಎಂದುಕೊಳ್ಳುವಷ್ಟರಲ್ಲಿ ನಡುವಿನಿಂದ ಬೆಳಕು ಎದ್ದು ಬಂದು ಅಂಚಿನವರೆಗೆ ಹರಡಿತು. ಅಂಗಡಿಯ ಟ್ಯೂಬ್‌ಲೈಟು, ಮಾಡಿನ ತಗಡು, ನಮ್ಮ ಮೂವರ ಮುಖ ಎಲ್ಲ ಅದರೊಳಗೆ ಬಂದುಬಿಟ್ಟವು. ಫಕೀರಪ್ಪನವರು ಬಾಯಿ ಮೇಲೆ ಟವೆಲ್ ಅಡ್ಡ ಹಿಡಿದುಕೊಂಡು ನೋಡುತ್ತಾ ನಿಂತರು, ಉಸಿರು ತಾಗಬಾರದಲ್ಲ. ನಾನು ಸೋಲುವ ಹಾಗಿದೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಅಲ್ಲೇ.

ಅಲ್ಲಿಂದ ಮೇಲಿನ ಮನೆಯಲ್ಲಿ ಕರ್ಫ್ಯೂ. ಕನ್ನಡಿಯಿದ್ದ ಕೋಣೆಯಲ್ಲಿ ಕೆಮ್ಮುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಮಾತಾಡಿದರೆ ಗೋಡೆಯ ಕಡೆ ಮುಖ ಮಾಡಿ ಮಾತಾಡಬೇಕು. ಒಗ್ಗರಣೆ ಹೊಗೆಗೂ ಬೆಳ್ಳಿ ಕಪ್ಪಾಗುತ್ತದೆ ಎಂದರು. ಚಂದ್ರವ್ವ ಬಾಣಲೆ ಎತ್ತಿಕೊಂಡು ಕೆಳಗೆ ಬಂದು ನಮ್ಮ ಒಲೆಯ ಮೇಲೆ ಮಿರ್ಚಿ ಕರಿಯತೊಡಗಿದರು. ಅದೊಂದು ವ್ಯವಸ್ಥೆ ಶಾಶ್ವತವಾಗಿ ಇರಲಿ ಎಂದು ನಾನು ಮನಸ್ಸಿನಲ್ಲೇ ಬಯಸಿದೆ.

ಆಯುಧ ಪೂಜೆ ಬಂತು. ರಸ್ತೆಯುದ್ದಕ್ಕೂ ಕಾರು, ಆಟೋಗಳಿಗೆ ಬಾಳೆಕಂದು ಕಟ್ಟಿದ್ದರು, ಬೂದುಗುಂಬಳಕಾಯಿ ಒಡೆದು ಕುಂಕುಮ ಚೆಲ್ಲಿದ್ದರು. ನಾನು ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮುಗಿಸಿದ ಮೇಲೆ ನಮ್ಮಿಬ್ಬರನ್ನೂ ಮೇಲಿನ ಮನೆಯ ಪೂಜೆಗೆ ಕರೆದರು.

ಟೂಲ್ ರೂಮಿನವರಿಗೆ ಇದು ವರ್ಷದ ದೊಡ್ಡ ಹಬ್ಬ. ಕಾರ್ಖಾನೆಯಲ್ಲಿದ್ದಷ್ಟು ಕಾಲ ಇಡೀ ಟೂಲ್ ರೂಮಿನ ಪೂಜೆ ಫಕೀರಪ್ಪನವರದ್ದೇ. ಯಂತ್ರಗಳ ಸಾಲಿನ ಮುಂದೆ ನಡೆಯುತ್ತಾ ಒಂದೊಂದಕ್ಕೂ ಮೂರು ಬೆರಳ ವಿಭೂತಿ ಎಳೆಯುವುದು, ಕುಂಕುಮ ಇಡುವುದು, ಮುಂದೆ ಸರಿಯುವುದು. ಈಗ ಮನೆಯಲ್ಲಿ ಹಲಗೆಯ ಮೇಲೆ ಅರ, ಸುತ್ತಿಗೆ, ಅಳತೆಯ ಉಪಕರಣಗಳನ್ನು ಸಾಲಾಗಿ ಜೋಡಿಸಿದ್ದರು. ಸಾಲಿನ ಕೊನೆಗೆ, ಬೇರೆಯೇ ಮಣೆಯ ಮೇಲೆ, ಗೋಡೆಗೆ ಒರಗಿಸಿದ ಕನ್ನಡಿ. ಅದರ ಬಟ್ಟೆಯನ್ನು ಅವರೇ ತೆಗೆದರು. "ದೂರದಿಂದ ಬರೇ ಆರತಿ ತೋರಸೂದು. ಯಾರೂ ಹಂತ್ಯಾಕ ಹೋಗಬ್ಯಾಡ್ರಿ," ಎಂದು ನಮಗೆಲ್ಲ ಕೈ ಅಡ್ಡ ಹಿಡಿದು ಹೇಳಿದರು. ನನ್ನನ್ನೇ ಒಂದು ಕ್ಷಣ ಹೆಚ್ಚು ದಿಟ್ಟಿಸಿದರು.

ಚಂದ್ರವ್ವ ನೆನೆಸಿದ ವಿಭೂತಿಯ ಬಟ್ಟಲು ಹಿಡಿದರು. ಫಕೀರಪ್ಪನವರು ಬೆರಳು ಅದ್ದಿದರು. ಅರಕ್ಕೆ ಮೂರು ಪಟ್ಟೆ, ಕುಂಕುಮ. ಸುತ್ತಿಗೆಗೆ ಮೂರು ಪಟ್ಟೆ, ಕುಂಕುಮ. ಕೈ ತಾನಾಗಿ ಓಡುತ್ತಿತ್ತು, ಬಾಯಲ್ಲಿ ಮಂತ್ರ. ಸ್ಕ್ರೂ ಡ್ರೈವರು, ಇಕ್ಕಳ, ಚಂದ್ರವ್ವನ ಮಿಕ್ಸಿ, ಗ್ಯಾಸಿನ ಒಲೆಯ ಮೇಲಿನ ಲೈಟರು. ಆಮೇಲೆ ಕನ್ನಡಿ. ಬೆರಳು ಅದ್ದಿದರು, ಮೂರು ಪಟ್ಟೆ ಎಳೆದರು, ನಡುವೆ ಕುಂಕುಮ ಇಟ್ಟರು, ಮುಂದೆ ಸರಿದರು. ಮುಂದೆ ಗೋಡೆ ಇತ್ತು.

ಅವರು ತಿರುಗಿ ತಮ್ಮ ಮೂರು ಬೆರಳುಗಳನ್ನು ನೋಡಿಕೊಂಡರು. ತುದಿಯಲ್ಲಿ ವಿಭೂತಿಯ ಜೊತೆ ಒಂದಿಷ್ಟು ಬೆಳ್ಳಿ ಹೊಳೆಯುತ್ತಿತ್ತು.

"ಏನ ಮಾಡಿದ್ರಿ!" ಎಂದರು ಚಂದ್ರವ್ವ.

ಅಷ್ಟಕ್ಕೇ ಬಿಟ್ಟಿದ್ದರೂ ಏನೋ ಉಳಿಯುತ್ತಿತ್ತು. ಫಕೀರಪ್ಪನವರು ಗಾಬರಿಯಲ್ಲಿ ಒದ್ದೆ ಬಟ್ಟೆ ತಂದು ಒರೆಸಿದರು. ಬೂದಿಯ ಹರಳು ಗೀರಿದವು, ಗೀರಿದ ಕಡೆ ನೀರು ನುಗ್ಗಿತು, ಬೆಳ್ಳಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದು ಬಂತು. ಎದ್ದ ಮೇಲೆ ನಿಲ್ಲಲಿಲ್ಲ. ಕೊನೆಗೆ ಉಳಿದ ತುಣುಕುಗಳನ್ನೂ ಅವರೇ ತೊಳೆದು ತೆಗೆದರು. ಪೇಡೆ ಹಂಚಿದ ದಿನ ಹೇಗಿತ್ತೋ ಹಾಗೆ ಬರೀ ಗಾಜು ಮಣೆಯ ಮೇಲೆ ಕೂತಿತು.

ನಾನು ಗೆದ್ದಿದ್ದೆ. ನಿಯಮದ ಪ್ರಕಾರ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ಮನುಷ್ಯ ಮೂಲೆಯ ಸ್ಟೂಲಿನ ಮೇಲೆ ಕೂತು ಬೆರಳುಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ಇದ್ದರು, ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ. ಬೇರೆ ಯಾರಾದರೂ ಮುಟ್ಟಿ ಕೆಡಿಸಿದ್ದರೆ ಬೈದು ಹಗುರಾಗಬಹುದಿತ್ತು. ಅವರಿಗೆ ಬೈಯಲು ಕೂಡ ಯಾರೂ ಸಿಗಲಿಲ್ಲ.

"ನಾಳೆ ತಗಡು ಹೊರಾಕ ಎಷ್ಟೊತ್ತಿಗೆ ಬರಲ್ರಿ?" ಎಂದು ಕೇಳಿದರು. ನಾನು ಪ್ರಸಾದದ ಕಡಲೆಪುರಿ ತಿನ್ನುತ್ತಿರುವವನಂತೆ ನಟಿಸಿದೆ.

ಆ ಹೊತ್ತಿನಲ್ಲಿ ವರಲಕ್ಷ್ಮಮ್ಮ ಹೊರಡಲೆಂದು ಎದ್ದವಳು ಮಣೆಯ ಮುಂದೆ ಬಗ್ಗಿ ನಿಂತಳು. ಹೊಳೆಯುವ ವಸ್ತು ಯಾವುದೇ ಇರಲಿ, ಸ್ಟೀಲ್ ಲೋಟವಾಗಲಿ, ಬಸ್ಸಿನ ಕಿಟಕಿಯಾಗಲಿ, ಅವಳು ಬೊಟ್ಟು ಸರಿಮಾಡಿಕೊಳ್ಳದೆ ಮುಂದೆ ಹೋಗುವವಳಲ್ಲ. ಉಂಗುರದ ಬೆರಳಿನಿಂದ ಹಣೆಯ ಕುಂಕುಮ ತಿದ್ದಿಕೊಂಡಳು.

ಫಕೀರಪ್ಪನವರ ಕೈ ಪಂಚೆಯ ಮೇಲೆಯೇ ನಿಂತಿತು. "ಅಕ್ಕಾರ, ನಿಮ್ಮ ಮಾರಿ ಕಾಣತೈತೇನ್ರಿ ಅದರಾಗ?"

"ಕಾಣ್ದೆ ಏನು? ಪೂರಿ ಊದ್ದಂಗೆ ಕಾಣ್ತದೆ. ನಾನು ಇಷ್ಟೊಂದ್ ದಪ್ಪ ಇವ್ನಾ?"

ಅವರು ಎದ್ದು ಹೇಮಂತನಿಗೆ ಫೋನು ಹಚ್ಚಿದರು, ಸ್ಪೀಕರ್ ಹಾಕಿ. ಬರೀ ಗಾಜು ಎಷ್ಟು ಬೆಳಕು ತಿರುಗಿಸುತ್ತದೆ ಎಂದು ಕೇಳಿದರು.

"ನಾಲ್ಕು ಸಾರ್."

"ನಾಲ್ಕು ಏನು? ನಲವತ್ತೋ?"

"ನೂರಕ್ಕೆ ನಾಲ್ಕೇ ನಾಲ್ಕು. ಯಾಕ್ ಸಾರ್? ಚಂದ್ರನಿಗಾದ್ರೆ ಅದೇ ಧಾರಾಳ. ಶನಿ ನಾನು ಹಂಗೆ ನೋಡಿಲ್ಲ, ಹೇಳೋಕಾಗಲ್ಲ."

ತೊಂಬತ್ತಾರಕ್ಕೂ ಎಂಬತ್ತೆಂಟಕ್ಕೂ ನಡುವೆ ನಿದ್ದೆ ಬಿಟ್ಟಿದ್ದ ಮನುಷ್ಯ ಈಗ ನಾಲ್ಕನ್ನು ಎತ್ತಿಕೊಂಡು ತಾರಸಿ ಹತ್ತಿದರು. ಮೊದಲೇ ಮಾಡಿಟ್ಟಿದ್ದ ದುರ್ಬೀನಿನ ಕೊಳವೆಯ ತಳಕ್ಕೆ ಕನ್ನಡಿಯನ್ನು ಕೂರಿಸಿ ತಿರುಪು ಬಿಗಿದರು. ಕತ್ತಲಾಗುತ್ತಿದ್ದ ಹಾಗೆ ನಾವೆಲ್ಲ ಮೇಲೆ ಹೋದೆವು. ನವಮಿಯ ಚಂದ್ರ ಆಗಲೇ ಮೇಲೇರಿ ತಾರಸಿಯ ಮೇಲೆಲ್ಲ ಬೆಳಕು ಚೆಲ್ಲಿದ್ದ. ನನಗೇ ಮನಸ್ಸು ತಡೆಯಲಿಲ್ಲ.

"ಚಂದ್ರನ್ನೇ ತೋರ್ಸಿ ಬಿಡ್ರೀ. ಅದಕ್ಕೆ ಧಾರಾಳ ಅಂದ್ನಲ್ಲ."

"ಚಂದ್ರನ್ನ ಎಲ್ಲಾರೂ ನೋಡ್ಯಾರ್ರಿ. ನಾ ನಿಮಗ ಮಾತು ಕೊಟ್ಟಿದ್ದು ಶನಿ," ಎಂದು ಕೊಳವೆಯನ್ನು ರಸ್ತೆಯ ಕಡೆಯ ಆಕಾಶಕ್ಕೆ ತಿರುಗಿಸಿದರು. ಅಲ್ಲಿ ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ಮಂಕು ಹಳದಿ ಚುಕ್ಕೆ. ಅದರ ಮೇಲೆ ನಾನು ಜೀವಮಾನದಲ್ಲಿ ಎಷ್ಟು ಎಳ್ಳೆಣ್ಣೆ ಸುರಿದಿದ್ದೇನೋ, ಅದು ಇಷ್ಟೇ ಎಂದು ಗೊತ್ತಿರಲಿಲ್ಲ.

ಅವರು ಕನ್ನಡಕ ತೆಗೆದು ಕಣ್ಣಿಟ್ಟರು. ಒಂದು ಗುಂಡಿ ಆಚೆ ಈಚೆ ತಿರುವಿದರು. ಬಹಳ ಹೊತ್ತು ಹಾಗೇ ಇದ್ದು ಪಕ್ಕಕ್ಕೆ ಸರಿದರು.

"ಕಂಡಂಗಾತ್ರಿ," ಎಂದರು. ದನಿ ತೀರ ಸಣ್ಣಗಿತ್ತು. "ಆದ್ರ ನನ್ನ ಕಣ್ಣ ನಾ ನಂಬೂದಿಲ್ಲ. ಎರಡು ವರ್ಷದಿಂದ ಕಾಣಬೇಕು ಕಾಣಬೇಕು ಅಂತ ಕುಂತ ಕಣ್ಣಿದು. ಇಲ್ಲದ್ದೂ ಕಾಣತೈತಿ. ನೀವ ಹೇಳ್ರಿ. ನೀವು ಹೇಳಿದ್ದ ಖರೆ."

ಇದು ನನಗೆ ಬೇಕಾಗಿರಲಿಲ್ಲ. ಒಂದು ಕಣ್ಣು ಹೋಗುವಷ್ಟು ತೂತು ಅದು. ಅದರಲ್ಲಿ ನನಗೆ ಏನು ಕಂಡಿತು ಎನ್ನುವುದಕ್ಕೆ ಬೇರೆ ಸಾಕ್ಷಿ ಇಲ್ಲ. 'ಏನೂ ಇಲ್ಲ ಕಣ್ರೀ, ಕತ್ತಲು' ಎಂದರೆ ಮುಗಿಯಿತು. ಅವರು ನಂಬುತ್ತಾರೆ, ಎಲ್ಲ ತಪ್ಪನ್ನು ತಮ್ಮ ಮೂರು ಬೆರಳಿನ ಮೇಲೆ ಹಾಕಿಕೊಳ್ಳುತ್ತಾರೆ, ಬೆಳಿಗ್ಗೆ ತಗಡೂ ಹೊರುತ್ತಾರೆ. ನನ್ನ ಎರಡು ರೂಮು, ಸೋರದ ಮಾಡು, ಬೋಳು ಮುಚ್ಚಿದ ತಲೆ, ಎಲ್ಲ ಆ ಒಂದು ಮಾತಿನಲ್ಲಿತ್ತು. ಆ ಮಾತನ್ನು ನಾಲಿಗೆಯ ತುದಿಯಲ್ಲಿ ತಯಾರಿಟ್ಟುಕೊಂಡೇ ಬಗ್ಗಿ ಕಣ್ಣಿಟ್ಟೆ.

ಮೊದಲು ಕತ್ತಲು. ಆಮೇಲೆ, ಸುತ್ತಲಿನ ಕತ್ತಲಿಗಿಂತ ಸ್ವಲ್ಪ ಮಾತ್ರ ಹೆಚ್ಚು ಬೆಳಕಿನಲ್ಲಿ, ತೊಗರಿಬೇಳೆಯಷ್ಟು ಒಂದು ಗುಂಡು. ಅದರ ಸುತ್ತ, ಅದಕ್ಕೆ ಎಲ್ಲಿಯೂ ತಾಗದೆ, ಒಂದು ಉಂಗುರ. ಯಾರೂ ಹಿಡಿದುಕೊಂಡಿರಲಿಲ್ಲ. ಸುಮ್ಮನೆ ಇತ್ತು. ಚಿತ್ರದಲ್ಲಿ ನೋಡಿದ್ದೇನೆ, ಮೊಮ್ಮಗನ ಪುಸ್ತಕದಲ್ಲಿ ಬಣ್ಣ ಬಣ್ಣದ್ದು. ಇದಕ್ಕೆ ಬಣ್ಣವೂ ಸರಿಯಾಗಿ ಇರಲಿಲ್ಲ. ಆದರೆ ಇದು ಅಲ್ಲಿತ್ತು, ಶೆಟ್ಟಿಹಳ್ಳಿಯ ನನ್ನ ಮನೆಯ ಮೇಲೆ, ನಾನು ತಗಡು ಹೊದಿಸಬೇಕೆಂದಿದ್ದ ಜಾಗದ ಮೇಲೆಯೇ. ತಯಾರಿಟ್ಟುಕೊಂಡಿದ್ದ ಮಾತು ನೆನಪಿತ್ತು. ಹೇಳಬೇಕು, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ನೋಡುತ್ತಿದ್ದೆ.

ಅಷ್ಟರಲ್ಲಿ ಅದು ಸರಿಯತೊಡಗಿತು. ಭೂಮಿ ತಿರುಗುವುದರಿಂದ ಹಾಗಾಗುತ್ತದಂತೆ, ನನಗೇನು ಗೊತ್ತು? ನಿಧಾನವಾಗಿ ಅಂಚಿಗೆ ಜಾರಿತು, ಉಂಗುರದ ಒಂದು ತುದಿ ಅಂಚಿಗೆ ತಾಗಿತು, ಮಾಯವಾಗತೊಡಗಿತು.

"ಅಯ್ಯೋ, ಹೋಗ್ತಾ ಇದೆ! ಹಿಡೀರಿ ಕಣ್ರೀ, ಹೋಗ್ತಾ ಇದೆ!" ಎಂದು ಕೂಗಿಬಿಟ್ಟೆ.

"ಏನು ಹೋಗಾಕತ್ತೈತ್ರಿ?" ಎಂದರು ಫಕೀರಪ್ಪನವರು, ನನ್ನ ಬೆನ್ನ ಹಿಂದಿನಿಂದ.

"ಉಂಗುರ! ಸುತ್ತ ಇದ್ಯಲ್ಲ, ಅದು! ಬೇಗ ಬನ್ರೀ!"

ಅವರು ಬರಲಿಲ್ಲ. ತಿರುಗಿ ನೋಡಿದರೆ ತಾರಸಿಯ ಕಟ್ಟೆಗೆ ಎರಡೂ ಕೈ ಊರಿ ಆ ಕಡೆ ಮುಖ ಮಾಡಿ ನಿಂತಿದ್ದರು. ಚಂದ್ರವ್ವ ಹತ್ತಿರ ಹೋಗಿ ಅವರ ಬೆನ್ನಿನ ಮೇಲೆ ಕೈಯಿಟ್ಟರು.

ನಾನೇ ಕೊಳವೆಯನ್ನು ದೂಡಿದೆ. ಅದರಲ್ಲಿ ಎಲ್ಲ ತಲೆಕೆಳಗಂತೆ, ನಾನು ದೂಡಿದ್ದು ತಪ್ಪು ಕಡೆಗೆ. ಶನಿ ಪೂರ್ತಿ ಕಳೆದುಹೋದ. ಕೊನೆಗೆ ಫಕೀರಪ್ಪನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಬಂದು, ಎರಡೇ ಬೆರಳಿನಿಂದ ಕೊಳವೆಯನ್ನು ಒಂದಿಷ್ಟು ಸರಿಸಿದರು.

"ಬಂತೇನ್ರಿ?"

"ಬಂತು," ಎಂದೆ.

ವರಲಕ್ಷ್ಮಮ್ಮ ಹಿಂದಿನಿಂದ ಅಂಗಿ ಜಗ್ಗಿ, "ಸಾಕು ಸರ್ಕಳಿ, ನಾನೂ ಒಂದ್ ಕಿತ ನೋಡ್ತೀನಿ," ಎಂದಳು. ಬೆಳಿಗ್ಗೆ ಬರಬೇಡ ಎಂದು ರಹಮತುಲ್ಲಾನಿಗೆ ಹೇಳಬೇಕಿತ್ತು. ಫೋನು ಕೆಳಗೆ ಬಿಟ್ಟು ಬಂದಿದ್ದೆ. ಆಮೇಲೆ ಹೇಳಿದರಾಯಿತು ಎಂದು, ಅಂಗಿ ಜಗ್ಗಿಸಿಕೊಳ್ಳುತ್ತಲೇ ಮತ್ತೆ ಕಣ್ಣಿಟ್ಟೆ.